ಗಾಳಿಯ ಸುದ್ದಿ ತರುವ ಬಲೂನಪ್ಪ

ಊರಿಗೆ ಇನ್ನೂ ಅರೆನಿದ್ದೆ. ಹವಾಮಾನ ಕಚೇರಿಯ ಹಿತ್ತಲಿನ ತಗಡಿನ ಶೆಡ್ಡಿನೊಳಗೆ ಒಂದು ಬಿಳಿ ಬಲೂನು ನಿಧಾನವಾಗಿ ಮೈತುಂಬಿಕೊಳ್ಳುತ್ತಿದೆ. ನೆಲದ ಮೇಲೆ ಮುದುಡಿ ಬಿದ್ದಿದ್ದದ್ದು ಮೊದಲು ಒಂದು ಭುಜ ಎತ್ತಿತು, ಆಮೇಲೆ ತಲೆ ಎತ್ತಿತು, ಈಗ ಸೂರಿನತ್ತ ಮುಖ ಮಾಡಿ ಸಣ್ಣಗೆ ತೂಗುತ್ತಿದೆ. ಅದರ ಕೊರಳು ಹಿಡಿದು ಒಬ್ಬರು ನಿಂತಿದ್ದಾರೆ. ಗ್ಯಾಸು ಸುಯ್ಯೆನ್ನುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಪತ್ರಿಕೆಗೆ ಬರೆಯಲೆಂದು ಬಂದ, ಸೂರ್ಯ ಹುಟ್ಟುವುದನ್ನು ಚಿತ್ರದಲ್ಲಿ ಮಾತ್ರ ನೋಡಿದ ನನ್ನಂಥ ಸೋಮಾರಿಗೆ ಅದು ಜೋಗುಳದಂತೆ ಕೇಳಿ, ನಿಂತಲ್ಲೇ ತೂಕಡಿಸಿದ್ದೂ ಆಯಿತು.

ನನ್ನ ಜಾಕೆಟ್ಟು ಬಾಗಿಲ ಹೊರಗೆ ಮೊಳೆಗೆ ನೇತಾಡುತ್ತಿದೆ. ಒಳಗೆ ನೈಲಾನಿಗೆ ಪ್ರವೇಶವಿಲ್ಲ. ಬರೀ ಹತ್ತಿಬಟ್ಟೆ, ಅದೂ ಸಾಲದೆಂದು ಬಾಗಿಲ ಪಕ್ಕದ ಕಬ್ಬಿಣದ ಕಂಬ ಮುಟ್ಟಿಯೇ ಒಳಗೆ ಬರಬೇಕು. "ಇದು ಬೆಂಕಿ ಹತ್ತೋ ಗ್ಯಾಸು ಸಾರ್. ಒಣಹವೆಯಲ್ಲಿ ಬಟ್ಟೆ ಬಟ್ಟೆ ಉಜ್ಜಿದ್ರೂ ಕಿಡಿ. ಕಂಬ ಮುಟ್ಟಿದ್ರೆ ಮೈಯಲ್ಲಿರೋದು ನೆಲಕ್ಕೆ ಇಳಿದುಹೋಗುತ್ತೆ," ಎನ್ನುತ್ತಾರೆ ಬಲೂನು ಹಿಡಿದವರು.

ಇವರನ್ನು ಎಲ್ಲರೂ ಕರೆಯುವುದು ಬಲೂನಪ್ಪ ಎಂದು. ಹುಟ್ಟಿದಾಗ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ತೆಪ್ಪಗೆ ಕೂತಿದೆ. ಈ ಕಚೇರಿಗೆ ಬಂದದ್ದು ಗೇಟು ಕಾಯಲು. ಆಗ ಬಲೂನು ಬಿಡುತ್ತಿದ್ದವರಿಗೆ ಮಂಡಿನೋವು. ಒಂದು ಬೆಳಿಗ್ಗೆ ಗೇಟಿನಿಂದ ಇವರನ್ನು ಕೂಗಿದರು. "ಒಂದು ನಿಮಿಷ ಹಿಡ್ಕೊಳಪ್ಪ ಅಂದ್ರು. ಇನ್ನೂ ಹಿಡ್ಕೊಂಡೇ ಇದೀನಿ."

ಆ ಒಂದು ನಿಮಿಷಕ್ಕೆ ಇಪ್ಪತ್ತಾರು ವರ್ಷ. ದಿನವೂ ನಸುಕಿಗೆ ಹಾರುವ ಬಲೂನಿಗೆ ರಜೆಯಿಲ್ಲ, ಆದ್ದರಿಂದ ಇವರಿಗೂ ಇಲ್ಲ. ನೆಂಟರ ಮನೆಗೆ ಹೋದರೂ ರಾತ್ರಿ ಉಳಿಯುವಂತಿಲ್ಲ. ಒಮ್ಮೆ ಗಾಳಿ ಜೋರಾಗಿದ್ದ ದಿನ ಬಲೂನು ಇವರನ್ನೇ ದರದರನೆ ಎಳೆದುಕೊಂಡು ಹೋಗಿ ಬೇಲಿಗೆ ಕೆಡವಿತ್ತು, ಗದ್ದದ ಮೇಲೆ ಅದರ ಗುರುತಿದೆ. ಬಲೂನಿಗೆ ಕಟ್ಟುವ ಯಂತ್ರದ ಡಬ್ಬಿ ಊಟದ ಡಬ್ಬಿಗಿಂತ ದೊಡ್ಡದಲ್ಲ. ಮೋಡಕ್ಕಿಂತ ಎಷ್ಟೋ ಮೇಲೆ ಹೋಗಿ, ಅಲ್ಲಿಯ ಚಳಿ, ತೇವ, ಗಾಳಿಯ ದಿಕ್ಕು ಎಲ್ಲವನ್ನೂ ಕೆಳಗಿನ ಕಚೇರಿಗೆ ಹೇಳುತ್ತ ಹೋಗುತ್ತದೆ. ಕೊನೆಗೆ ಬಲೂನು ಮನೆಯಷ್ಟು ಉಬ್ಬಿ ಒಡೆಯುತ್ತದೆ, ಡಬ್ಬಿ ಪುಟ್ಟ ಕೊಡೆ ಬಿಚ್ಚಿಕೊಂಡು ಎಲ್ಲೋ ಇಳಿಯುತ್ತದೆ. ಯಾರದೋ ತಾರಸಿಯ ಮೇಲೆ ಬಿದ್ದ ಒಂದರ ದಾರಕ್ಕೆ ಆ ಮನೆಯಾಕೆ ಬಟ್ಟೆ ಒಣಹಾಕಿಕೊಂಡಿದ್ದರಂತೆ. ಅದನ್ನು ಹೇಳುವಾಗ ಬಲೂನಪ್ಪನ ಮುಖ ನೋಡಬೇಕು, ಬಹುಮಾನ ಬಂದವರ ಹಾಗಿರುತ್ತದೆ.

ಈ ಶರತ್ಕಾಲದಲ್ಲಿ ಹೇಳಿಕೊಳ್ಳುವಂಥ ಒಂದು ಹನಿಯೂ ಬಿದ್ದಿಲ್ಲ. ದಿನವೂ ಅದೇ ಮುನ್ನೋಟ: ಒಣಹವೆ ಮುಂದುವರಿಯಲಿದೆ. ಆಕಾಶ ತೊಳೆದಿಟ್ಟ ಹಾಗೆ ನೀಲಿ, ನೋಡಿದಷ್ಟೂ ಕಣ್ಣು ಭಾರವಾಗುತ್ತದೆ. ಚಹಾದಂಗಡಿಯಲ್ಲಿ ಬಲೂನಪ್ಪನನ್ನು ಕಂಡರೆ ಒಬ್ಬರಾದರೂ ಕಾಲೆಳೆಯದೆ ಇರುವುದಿಲ್ಲ. "ನಿಮ್ಮ ಆಫೀಸಿನೋರು ಬುರುಡೆ ಬಿಡ್ತಾರೆ, ನೀವು ಬಲೂನು ಬಿಡ್ತೀರಿ. ಮಳೆ ಮಾತ್ರ ಯಾರೂ ಬಿಡಲ್ಲ." ಇವರೂ ನಗುತ್ತಾರೆ. ಆದರೆ ನಗುವಾಗಲೂ ಕಣ್ಣು ಊರಾಚೆಯ ಗುಡ್ಡದ ಕಡೆಗಿರುತ್ತದೆ.

ಗುಡ್ಡದ ನೆತ್ತಿಯ ಕಾವಲುಕೋಣೆಯಲ್ಲಿ ಇವರ ಮಗಳಿದ್ದಾಳೆ. ಒಣಗಿದ ಹುಲ್ಲಿಗೆ ಬೆಂಕಿ ಬಿದ್ದರೆ ಹೊಗೆ ಕಂಡ ಕೂಡಲೇ ಕೆಳಗೆ ತಿಳಿಸುವುದು ಅವಳ ಕೆಲಸ. ಹುಲ್ಲು ಹಳದಿಯಾದಾಗ ಹತ್ತಿದವಳು ಇನ್ನೂ ಇಳಿದಿಲ್ಲ. ಇಳಿಯಲು ಇರುವುದು ಹುಲ್ಲಿನ ನಡುವಿನ ಒಂದೇ ಕಾಲುದಾರಿ. ಬಿರುಗಾಳಿಯ ದಿನ ಬೆಂಕಿ ಬಿದ್ದರೆ ಆ ದಾರಿಯೇ ಇರುವುದಿಲ್ಲ. ಅದಕ್ಕೇ ನಿಯಮವೊಂದಿದೆ: ಬೆಳಗಿನ ಮುನ್ನೋಟ ಬಿರುಗಾಳಿ ಎಂದರೆ ಮಾತ್ರ ಕಾವಲಿನವರು ಜಾಗ ಬಿಟ್ಟು ಇಳಿಯಬಹುದು.

ಕಚೇರಿಯ ಹಿಂದಿನ ಎರಡು ಕೋಣೆಯ ಮನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು ಗಂಡನ ಹತ್ತಿ ಅಂಗಿಗೆ ಗುಂಡಿ ಹಚ್ಚುತ್ತಿದ್ದ ಮನೆಯವರು ನಿನ್ನೆ ನನ್ನೆದುರೇ ಅಂದಿದ್ದರು: "ಅವಳು ಗುಡ್ಡಕ್ಕೆ ಹೋಗ್ತೀನಿ ಅಂದಾಗ ಇವರು ಒಂದು ಮಾತು ಬೇಡ ಅನ್ನಬಹುದಿತ್ತು. ಬಲೂನು ಬಿಟ್ಟ ಹಾಗೆ ಬಿಟ್ಟುಬಿಟ್ರು." ಬಲೂನಪ್ಪ ಕೆಳಗೆ ಬಿದ್ದ ಗುಂಡಿಯೊಂದನ್ನು ಹೆಕ್ಕಿ ಅವರ ಕೈಗೆ ಕೊಟ್ಟರು.

ಈಗ ಶೆಡ್ಡಿನ ಬಾಗಿಲು ತೆರೆಯುತ್ತದೆ. ಅಂಗಳದ ನಡುವೆ ನಿಂತು ಅವರು ಸುಮ್ಮನೆ ಬೆರಳು ಸಡಿಲಿಸುತ್ತಾರೆ. ಬಲೂನು ನೀರಿನ ಟ್ಯಾಂಕನ್ನು ದಾಟಿ, ಇನ್ನೂ ನೆರಳಲ್ಲಿರುವ ಮನೆಗಳ ಮೇಲೆ ತೇಲಿ, ನಮಗೆ ಕಾಣದ ಬಿಸಿಲಿಗೆ ಹೋಗಿ ತಟ್ಟನೆ ಹೊಳೆಯುತ್ತದೆ. ಏನೋ ಸಂತೋಷವಾಗುತ್ತದೆ, ಯಾಕೆಂದು ಕೇಳಿದರೆ ನನಗೆ ಗೊತ್ತಿಲ್ಲ.

ಆ ಸಂತೋಷ ಚಹಾ ಕುದಿಯುವವರೆಗೂ ಉಳಿಯಲಿಲ್ಲ. ಮುನ್ನೋಟ ಬರೆಯುವ ಮೇಡಂ ಒಳಗಿನಿಂದ ಓಡಿ ಬಂದರು. ಬಲೂನು ಗುಡ್ಡದ ಎತ್ತರ ದಾಟಿದ್ದಷ್ಟೇ, ಒಡೆದುಹೋಗಿದೆ. ಒಣ ಚಳಿಗೆ ರಬ್ಬರು ಪೆಡಸಾಗಿದ್ದಿರಬೇಕು. "ಮೇಲಿನ ಗಾಳಿ ತಿರುಗಿರೋ ಹಾಗಿದೆ ಬಲೂನಪ್ನೋರೆ, ಪೂರ್ತಿ ನೋಡೋಷ್ಟರಲ್ಲಿ ಹೋಯ್ತು. ಅದು ಮಧ್ಯಾಹ್ನ ಕೆಳಗಿಳಿದ್ರೆ ಗುಡ್ಡಕ್ಕೇ ಬಡಿಯುತ್ತೆ. ಖಾತ್ರಿಯಿಲ್ದೆ ಹೇಗೆ ಬರೀಲಿ? ಇನ್ನೊಂದು ಬಿಡೋಕಾಗುತ್ತಾ?"

"ಆಗುತ್ತೆ ಮೇಡಂ."

ಬಲೂನಪ್ಪ ಕಂಬ ಮುಟ್ಟಿದರು. ಬೆಚ್ಚಗಿನ ಪೆಟ್ಟಿಗೆಯಿಂದ ಇನ್ನೊಂದು ಬಲೂನು ತೆಗೆದು, ರಬ್ಬರನ್ನು ಅಂಗೈಯಲ್ಲಿ ಹಿಚುಕಿ ಮೆದುವಾಗಿದೆಯೇ ಎಂದು ನೋಡಿದರು. ಗ್ಯಾಸಿನ ತಿರುಪು ತುಸುವೇ ತಿರುಗಿಸಿದರು. ಮತ್ತೆ ಅದೇ ಸುಯ್ಯೆನ್ನುವ ಸದ್ದು. ಈ ಸಲ ನನಗೆ ನಿದ್ದೆ ಬರಲಿಲ್ಲ. ಮಗಳು ಗುಡ್ಡದ ಮೇಲೆ, ಅಪ್ಪ ಹೀಗೆ ಆರಾಮವಾಗಿ ನಿಂತಿದ್ದಾರಲ್ಲ ಎಂದು ನನಗೇ ಸಿಟ್ಟು ಬಂತು. ಸ್ವಲ್ಪ ಬೇಗ ತುಂಬಿಸಲು ಆಗುವುದಿಲ್ಲವೇ ಎಂದು ಕೇಳಿಯೂಬಿಟ್ಟೆ.

"ಜೋರಾಗಿ ಬಿಟ್ರೆ ಕಿಡಿ ಹುಟ್ಟುತ್ತೆ ಸಾರ್. ಆಮೇಲೆ ಬಲೂನೂ ಇಲ್ಲ, ನಾವೂ ಇಲ್ಲ, ಅವಳಿಗೆ ಹೇಳೋರೂ ಇಲ್ಲ."

ಭಯವಾಗುತ್ತಿಲ್ಲವೇ?

"ಆಗ್ತಿದೆ. ತುಂಬಾನೇ ಆಗ್ತಿದೆ. ಕೈಗೆ ಗೊತ್ತಾಗಬಾರದು ಅಷ್ಟೆ."

ಆ ಕೈಯನ್ನೇ ನೋಡುತ್ತ ನಿಂತೆ. ಬಲೂನು ಮತ್ತೆ ಭುಜ ಎತ್ತಿತು, ತಲೆ ಎತ್ತಿತು. ಹೊರಗೆ ಊರು ಎದ್ದಿತ್ತು, ಯಾರೋ ಅಂಗಡಿಯ ಬಾಗಿಲೆಳೆಯುತ್ತಿದ್ದರು, ಒಳಗೆ ಮಾತ್ರ ಕಾಲ ಒಂದು ದೊಡ್ಡ ಬಿಳಿ ಹೊಟ್ಟೆಯೊಳಗೆ ಸೇರಿಕೊಂಡು ಹೊರಗೆ ಬರಲೊಲ್ಲದು. ಕೊನೆಗೂ ಬಾಗಿಲು ತೆರೆಯಿತು. ಬಲೂನು ಹೋಯಿತು, ಒಡೆಯದೆ ಹೋಯಿತು. ನಾವಿಬ್ಬರೂ ಕತ್ತು ನೋಯುವವರೆಗೆ ಮೇಲೆ ನೋಡಿದೆವು. ಆಮೇಲೆ ನೋಡಲು ಏನೂ ಇರಲಿಲ್ಲ, ಆದರೂ ನೋಡಿದೆವು.

ಮೇಡಂ ಬರೆದ ಮುನ್ನೋಟ ರೇಡಿಯೋದಲ್ಲಿ ಬಂತು. ಒಣಹವೆ ಮುಂದುವರಿಯಲಿದೆ, ಮಧ್ಯಾಹ್ನದ ನಂತರ ಗುಡ್ಡದ ಮೇಲೆ ಬಿರುಗಾಳಿಯ ಸಂಭವವಿದೆ, ಕಾವಲಿನವರು ಕೆಳಗಿಳಿಯುವುದು. ಮನೆಯವರು ಹೊಲಿಗೆ ನಿಲ್ಲಿಸಿ ಬಾಗಿಲಿಗೆ ಬಂದು ನಿಂತರು. ನಿಂತವರು ಊಟದ ಹೊತ್ತು ಮೀರಿದರೂ ಒಳಗೆ ಹೋಗಲಿಲ್ಲ.

ಇಳಿಹೊತ್ತಿಗೆ ಮಗಳು ಬಂದಳು. ಮಂಡಿಯವರೆಗೆ ಧೂಳು, ತಲೆಗೂದಲಲ್ಲಿ ಹುಲ್ಲಿನ ಬೀಜ, ಮೂಗಿನ ತುದಿಯಲ್ಲಿ ಕೋಪ. ಬಿರುಗಾಳಿ ಬರಲೇ ಇಲ್ಲ. ಬಂದಿತ್ತು, ಆದರೆ ಗುಡ್ಡದ ಆಚೆ ಮಗ್ಗುಲಿಗೆ ಇಳಿದುಹೋಯಿತು ಎಂದು ಮೇಡಂ ಆಮೇಲೆ ಹೇಳಿದರು. ಎಲ್ಲೂ ಹೊಗೆಯಿಲ್ಲ. ಗುಡ್ಡ ಸಂಜೆಯ ಬಿಸಿಲಿನಲ್ಲಿ ಏನೂ ಅರಿಯದ ಹಾಗೆ ಮಲಗಿತ್ತು.

"ಒಂದು ಎಲೆ ಅಲ್ಲಾಡ್ಲಿಲ್ಲ ಅಪ್ಪಾ. ಅಷ್ಟು ದೂರ ದಡಬಡ ಇಳಿಸಿದ್ರಿ. ನಾಳೆ ಮತ್ತೆ ಹತ್ತೋದು ಯಾರು, ನಿಮ್ಮ ಬಲೂನಾ? ದಾರೀಲಿ ಎಲ್ರೂ ನಗ್ತಿದ್ರು," ಎಂದು ಅವಳು ಒಳಗೆ ಕೂತು ತಟ್ಟೆಯ ಮುಂದೆ ಒಂದೇ ಸಮನೆ ಶುರುಮಾಡಿದಳು. ಅಮ್ಮ ಬಡಿಸುತ್ತ ಹ್ಞೂಂ ಹ್ಞೂಂ ಎನ್ನುತ್ತಿದ್ದರು.

ಬಲೂನಪ್ಪ ಹೊಸ್ತಿಲ ಹೊರಗೆ ಕೂತಿದ್ದಾರೆ. ಇಷ್ಟೆಲ್ಲ ಮಾಡಿ ಮಗಳಿಂದಲೇ ಬೈಸಿಕೊಳ್ಳಬೇಕಾಯಿತಲ್ಲ, ಬೇಜಾರಾಗುವುದಿಲ್ಲವೇ ಎಂದು ಕೇಳುತ್ತೇನೆ. ಅವರು ಒಳಗಿನ ದನಿಗೇ ಕಿವಿಗೊಡುತ್ತಾರೆ.

"ಬೈಲಿ ಸಾರ್," ಎನ್ನುತ್ತಾರೆ. "ಮನೇಲಿ ಕೂತ್ಕೊಂಡು ಬೈತಿದಾಳಲ್ಲ."