ಶ್ಯಾಮಣ್ಣನ ಖಾಲಿ ಹಾಳೆ

ನನ್ನ ತಮ್ಮ ಶ್ಯಾಮಣ್ಣ ಮಾಕಳಿಯಲ್ಲಿ ಮೂವತ್ತು ವರ್ಷ ದುರ್ಯೋಧನನಾಗಿದ್ದವನು. ನಾಟಕವಿಲ್ಲದ ದಿನಗಳಲ್ಲಿ ಬಾಡಿಗೆ ಮನೆಗಳ ಯಜಮಾನ. ನಮ್ಮಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಎರಡು ಸಾಲು ಮನೆಗಳಿವೆ, ಪಕ್ಕದಲ್ಲಿ ಜಪಾನಿನ ಕಂಪನಿಯೊಂದು ಬಾಡಿಗೆಗೆ ಹಿಡಿದ ಶೆಡ್ಡು. ಬಾಡಿಗೆಯವರ ನಲ್ಲಿ ಸೋರಿದರೆ ಅವನು ಸೊಂಟದ ಮೇಲೆ ಕೈಯಿಟ್ಟು, "ಏನಿದು ಅನರ್ಥ!" ಎಂದು ಗುಡುಗಿ ಹೋಗುತ್ತಿದ್ದ. ಪ್ಲಂಬರನ್ನು ಕರೆಸುವವಳು ಅವನ ಹೆಂಡತಿ ಕಮಲಮ್ಮ.

ನಮ್ಮ ಕಡೆ ವರ್ಷಕ್ಕೊಮ್ಮೆ ಕುರುಕ್ಷೇತ್ರ ಆಡುತ್ತಾರೆ. ಆಡುವವರು ನಟರಲ್ಲ, ಜಮೀನು ಮಾರಿದವರು. ಪಾತ್ರ ಬೇಕಾದವರು ಕೈಯಿಂದ ಖರ್ಚು ಹಾಕಬೇಕು. ಹೆಚ್ಚು ಹಾಕಿದವನು ದುರ್ಯೋಧನ, ಏನೂ ಹಾಕಲಾರದವನು ಸೈನಿಕ. ಹಾಡು ಹಿಡಿಸಿ ಜನ "ಒನ್ಸ್ ಮೋರ್" ಎಂದರೆ ಸತ್ತುಬಿದ್ದವನೂ ಎದ್ದು, ಇನ್ನೊಮ್ಮೆ ಹಾಡಿ, ಇನ್ನೊಮ್ಮೆ ಸಾಯಬೇಕು. ನನ್ನ ತಮ್ಮ ಒಂದು ವರ್ಷ ಮುರಿದ ತೊಡೆಯಲ್ಲೇ ನಾಲ್ಕು ಸಲ ಎದ್ದು ನಾಲ್ಕು ಸಲ ಸತ್ತ. ಕೊನೆಗೆ ಭೀಮನೇ ಬೇಸತ್ತು ಒಳಗೆ ಹೋಗಿ ಕಾಫಿ ಕುಡಿದು ಬಂದ.

ಅಂಥವನ ಗಂಟಲಲ್ಲಿ ಗಂಟು ಬಂತು. ಆಪರೇಷನ್ ಆಯಿತು. ಡಾಕ್ಟರು ಒಂದು ತಿಂಗಳು ಪಿಟ್ಟೆನ್ನಬಾರದು ಎಂದರು. ಆಮೇಲೆ ಮೆಲ್ಲಗೆ ಮಾತಾಡಬಹುದು, ಆದರೆ ಏರಿಸಿ ಹಾಡಿದರೆ ಇರುವ ದನಿಯೂ ಹೋಗುತ್ತದೆ ಎಂದು ಬೆರಳೆತ್ತಿ ಹೇಳಿದರು. ಹೊಲದಲ್ಲಿ ಮನೆಗಳಿಗೆ ಪಾಯ ತೋಡಿದ ದಿನವೂ ನನ್ನ ತಮ್ಮನ ಮುಖ ಅಷ್ಟು ಇಳಿದಿರಲಿಲ್ಲ.

ನಾಟಕದ ಕಮಿಟಿಯ ನಂದೀಶ್ ನೋಡಲು ಬಂದ. ಸಿಮೆಂಟ್ ಅಂಗಡಿಯವನು, ವಯಸ್ಸಿನ ಹುಡುಗ. ಮೂಸಂಬಿ ಚೀಲ ಇಟ್ಟು, "ಅಣ್ಣಾ, ಈ ಸಲ ದುರ್ಯೋಧನ ನಾನೇ ಮಾಡ್ತೀನಿ. ನೀವು ಧೃತರಾಷ್ಟ್ರ ಮಾಡ್ಬಿಡಿ. ಸುಮ್ನೆ ಕೂತಿದ್ರೆ ಸಾಕು," ಎಂದ. ಮಾತಾಡುವಂತಿರಲಿಲ್ಲವಲ್ಲ, ಶ್ಯಾಮಣ್ಣ ಮೂಸಂಬಿ ಚೀಲವನ್ನೇ ಎತ್ತಿ ಅವನ ಕೈಗೆ ವಾಪಸು ಕೊಟ್ಟ.

ಆ ತಿಂಗಳಲ್ಲೇ ಅವನ ಮೊಮ್ಮಗಳು ಸ್ಫೂರ್ತಿ ಜಪಾನಿನ ಸೀರಿಯಲ್ ಹಾಕಿದ್ದು. ಮೊದಲು ಅದು ಚಿತ್ರಗಳ ಪುಸ್ತಕವಾಗಿತ್ತಂತೆ, ಹನ್ನೆರಡು ಭಾಗ. ಕೊನೆಯ ಹಾಳೆಯಿಂದ ಶುರುಮಾಡಿ ಓದಬೇಕು. ಅದನ್ನೇ ಮನುಷ್ಯರನ್ನಿಟ್ಟು ಟೀವಿಗೆ ಮಾಡಿದ್ದರು. ಕೆಳಗೆ ಬರುವ ಅಕ್ಷರಗಳನ್ನು ಹುಡುಗಿ ಕನ್ನಡದಲ್ಲಿ ಹೇಳುತ್ತಾ ಹೋದಳು. ನಾನು ಅವರೆಕಾಳು ಸುಲಿಯುತ್ತಾ ಕೇಳಿದೆ.

ನಾನೂರು ವರ್ಷದ ಹಿಂದಿನ ಕಥೆ. ಒಬ್ಬ ಮುದುಕ ದೊರೆ, ಅವನದೊಂದು ಕೋಟೆ, ಸುತ್ತ ಶತ್ರು ಸೈನ್ಯ. ಒಳಗೆ ರೈತರು ಹಸಿದು ಸಾಯುತ್ತಿದ್ದಾರೆ. ಅವರನ್ನು ಉಳಿಸಲು ದೊರೆ ಕೋಟೆಯ ಬಾಗಿಲು ತೆಗೆಸಿ, ಕತ್ತಿಯನ್ನು ನೆಲಕ್ಕಿಟ್ಟು, ಗೆದ್ದವನ ಮುಂದೆ ಕೂತುಬಿಡುತ್ತಾನೆ. ಕಥೆಯುದ್ದಕ್ಕೂ ಅವನು ಆಡಿದ್ದು ನಾಲ್ಕೈದು ಮಾತು. ಕೊನೆಗೆ ಅದೂ ಇಲ್ಲ. ಟೀವಿಯಲ್ಲಿ ದೊರೆಗೆ ಒಂದು ತೊಟ್ಟು ಕಣ್ಣೀರು ಬಂತು.

"ಹಾಳು ಮಾಡ್ಬಿಟ್ರು!" ಎಂದು ಸ್ಫೂರ್ತಿ ಕೂಗಿದಳು. "ಬುಕ್ಕಲ್ಲಿ ಅವ್ನು ಅಳೋದೇ ಇಲ್ಲ ದೊಡ್ಡಜ್ಜಿ. ಅಲ್ಲಿ ಒಂದಿಡೀ ಪೇಜು ಖಾಲಿ ಬಿಟ್ಟಿದಾರೆ. ಏನೂ ಬರ್ದಿಲ್ಲ, ಗೆರೆನೂ ಇಲ್ಲ."

ಶ್ಯಾಮಣ್ಣ ಪುಸ್ತಕ ತರಿಸಿಕೊಂಡ. ಆ ಬಿಳಿ ಹಾಳೆಯನ್ನು ತುಂಬ ಹೊತ್ತು ನೋಡಿದ. ಹಾಡದೆಯೂ ದೊರೆಯಾಗಬಹುದು ಎಂದು ಆಗ ಅವನಿಗೆ ಹೊಳೆಯಿತು. ನನಗೆ ಸಂತೋಷವಾಯಿತು. ತಿಂಗಳು ಮುಗಿದು ಬಾಯಿ ಬಿಟ್ಟ ಮೊದಲ ದಿನವೇ ಈ ಕಥೆಯನ್ನು ನಾಟಕ ಮಾಡುತ್ತೇನೆಂದ, ದೊರೆ ತಾನೇ ಎಂದ. ಖರ್ಚು ಅವನದೇ. ಶೆಡ್ಡಿನ ಕಂಪನಿಯ ಜಪಾನಿ ಸಾಹೇಬರನ್ನು ಮುಖ್ಯ ಅತಿಥಿಯಾಗಿ ಕರೆತರುತ್ತೇನೆಂದಾಗ ಕಮಿಟಿಯೂ ಒಪ್ಪಿತು. ರಾಜ್ಯೋತ್ಸವದ ಮಧ್ಯಾಹ್ನ ಒಂದು ಗಂಟೆ ಹೊತ್ತು ಜಪಾನು, ಆಮೇಲೆ ಕುರುಕ್ಷೇತ್ರ.

ಆದರೆ ಹಾರ್ಮೋನಿಯಂ ಮೇಷ್ಟ್ರು ಪಾಪಯ್ಯ ಮನೆಗೆ ಬಂದು ಕೂತದ್ದೇ ಶ್ಯಾಮಣ್ಣನ ಬುದ್ಧಿ ಹಳೆಯ ದಾರಿ ಹಿಡಿಯಿತು.

"ನೋಡಿ ಮೇಷ್ಟ್ರೇ," ಎಂದು ಆ ಹಾಳೆ ತೆರೆದು ತೋರಿಸಿದ. "ಇಲ್ಲಿ ಎಷ್ಟೊಂದು ಜಾಗ ಬಿಟ್ಟವ್ರೆ. ಇದು ಹಾಡಿನ ಜಾಗ. ಪಾಪ, ಅವ್ರತ್ರ ಹಾರ್ಮೋನಿಯಂ ಇಲ್ಲ, ಅದ್ಕೆ ಖಾಲಿ ಬಿಟ್ಟವ್ರೆ."

ಪಾಪಯ್ಯ ಕನ್ನಡಕ ಏರಿಸಿ ನೋಡಿದರು. "ಊಂ. ಎರಡು ಕಂದಪದ್ಯ ಆರಾಮಾಗಿ ಕೂರ್ತದೆ."

"ತಾತಾ, ಅದು ಮೌನ!" ಎಂದಳು ಸ್ಫೂರ್ತಿ.

"ಮೌನನೇ ಕಣಮ್ಮ. ಮೌನವಾಗಿದೀನಿ ಅಂತ ಹಾಡ್ದೆ ಹೋದ್ರೆ ಹಿಂದೆ ಕೂತೋರಿಗೆ ಎಂಗೆ ಗೊತ್ತಾಗ್ಬೇಕು?"

ಕಮಲಮ್ಮ ಅಡುಗೆಮನೆಯಿಂದ ಬಂದಳು. ಕೈಯಲ್ಲಿ ಸೌಟಿತ್ತು. "ಡಾಕ್ಟ್ರು ಏನಂದ್ರು ನೆಪ್ಪೈತಾ? ಬಾಯಿ ತೆಗೆದು ಹಾಡಿದ್ರೋ, ಸ್ಟೇಜ್ ಮೇಲೆ ಬಂದ್ಬಿಡ್ತೀನಿ. ಜಪಾನಿನೋರೇ ಇರ್ಲಿ, ಅವರಪ್ಪನೇ ಇರ್ಲಿ."

ಶ್ಯಾಮಣ್ಣ ತಲೆಯಾಡಿಸಿದ. ಅವಳು ಒಳಗೆ ಹೋದ ಮೇಲೆ ಪಾಪಯ್ಯನವರಿಗೆ ಕಣ್ಣು ಹೊಡೆದ. ಅವತ್ತಿನಿಂದ ನನಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ. ಆ ಗಂಟಲು ನಮ್ಮಪ್ಪನದು. ಅಪ್ಪನದು ಅಂತ ಮನೆಯಲ್ಲಿ ಉಳಿದಿದ್ದದ್ದು ಅದೊಂದೇ.

ತಯಾರಿ ಜೋರಾಯಿತು. ಬಟ್ಟೆ ಬಾಡಿಗೆಗೆ ಕೊಡುವವನ ಹತ್ತಿರ ಜಪಾನಿನ ವೇಷವಿರಲಿಲ್ಲ. ಕೌರವನ ಎದೆಗವಚದ ಮೇಲೆ ಕಮಲಮ್ಮನ ಹಳೆಯ ನೈಟಿಯನ್ನು ಸೀಳಿ ಹೊದಿಸಿದರು. ನೆತ್ತಿಯ ಜುಟ್ಟಿಗೆ, ಜಡೆಗೆ ಕಟ್ಟುವ ಅವಳದೇ ಸವರ. ಕತ್ತಿಯನ್ನು ಪೀಣ್ಯದ ಲೇತ್ ಶೆಡ್ಡಿನಲ್ಲಿ ಮಾಡಿಸಿದರು, ಎತ್ತಲು ಇಬ್ಬರು ಬೇಕು. ಹಿಂದಿನ ಪರದೆ ಹಸ್ತಿನಾವತಿಯದೇ. "ಜಪಾನಲ್ಲಿ ಅರಮನೆಗೆ ಕಂಬ ಇರಲ್ವಾ?" ಎಂದು ಕಮಿಟಿಯವರು ಕೇಳಿದರು. ಶತ್ರು ಸೇನಾಪತಿ ನಂದೀಶ್ ಗದೆ ಹಿಡಿದೇ ಬಂದ. "ಗದೆ ಇಲ್ದೆ ನಾನು ಸ್ಟೇಜ್ ಹತ್ತಲ್ಲ ಗುರು."

ಸ್ಫೂರ್ತಿ ಪುಸ್ತಕವನ್ನು ಮುಚ್ಚಿ ಬೀರುವಿನಲ್ಲಿಟ್ಟಳು.

ರಾಜ್ಯೋತ್ಸವದ ದಿನ ಶಾಮಿಯಾನ ತುಂಬಿತ್ತು. ಸಾಹೇಬರು ಮೈಸೂರು ಪೇಟ ಹಾಕಿಸಿಕೊಂಡು ಮುಂದಿನ ಸಾಲಿನಲ್ಲಿ ಕೂತರು, ಎರಡು ಕುರ್ಚಿ ಆಚೆ ಕಮಲಮ್ಮ. ಕಥೆ ಹೇಗೋ ಕೊನೆಯ ದೃಶ್ಯಕ್ಕೆ ಬಂತು. ನಡುವೆ ಒಮ್ಮೆ ಶತ್ರು ಸೇನಾಪತಿಗೂ ದೊರೆಗೂ ಒಟ್ಟಿಗೆ ಶಾಲು ಹೊದಿಸಿ ಸನ್ಮಾನ ಮಾಡಿದ್ದರಿಂದ ಯುದ್ಧ ಸ್ವಲ್ಪ ತಡವಾಯಿತು.

ಶ್ಯಾಮಣ್ಣ ಕತ್ತಿಯನ್ನು ಎಳೆದುಕೊಂಡು ಬಂದು ನೆಲಕ್ಕಿಟ್ಟ. ಮಂಡಿಯೂರಿ ಕೂತ. ಪಾಪಯ್ಯ ಶ್ರುತಿ ಹಿಡಿದರು. ನನ್ನ ತಮ್ಮ ಎದೆ ಉಬ್ಬಿಸಿ, ಕತ್ತೆತ್ತಿ, ಬಾಯಿ ತೆರೆದ. ಕತ್ತಿನ ಗಾಯದ ಗುರುತು ದೀಪಕ್ಕೆ ಹೊಳೆಯಿತು.

ಕಮಲಮ್ಮ ಎದ್ದು ನಿಂತಳು. ಕೂಗಲಿಲ್ಲ, ಬೈಯಲಿಲ್ಲ. ತನ್ನ ಗಂಟಲ ಮೇಲೆ ತಾನೇ ಕೈಯಿಟ್ಟುಕೊಂಡು ನಿಂತಳು.

ಇಡೀ ಸೈನ್ಯಕ್ಕೆ ಹೆದರದ ದೊರೆ ಅವಳನ್ನು ನೋಡಿದ. ಬಾಯಿ ಮುಚ್ಚಿದ. ಪಾಪಯ್ಯ ಇನ್ನೊಮ್ಮೆ ಶ್ರುತಿ ಕೊಟ್ಟರು, ಮತ್ತೊಮ್ಮೆ ಕೊಟ್ಟರು, ಆಮೇಲೆ ಅವರ ಕೈಯೂ ನಿಂತಿತು. ಶ್ಯಾಮಣ್ಣ ನೆಲ ನೋಡುತ್ತಾ ಕೂತ. ಮೂವತ್ತು ವರ್ಷದ ಹಾಡುಗಳೆಲ್ಲ ಅವನ ಮುಖದಲ್ಲಿ ಬಂದು ಹೋದವು, ಒಂದೂ ಹೊರಗೆ ಬರಲಿಲ್ಲ. ಶಾಮಿಯಾನದಲ್ಲಿ ಕಡಲೆಕಾಯಿ ಸುಲಿಯುವ ಸದ್ದೂ ನಿಂತುಹೋಯಿತು. ನಂದೀಶ್ ಗದೆಯನ್ನು ಮೆಲ್ಲಗೆ ಕೆಳಗಿಟ್ಟ. ನನ್ನ ಪಕ್ಕದಲ್ಲಿ ಸ್ಫೂರ್ತಿ ನನ್ನ ಕೈ ಹಿಡಿದಳು. "ದೊಡ್ಡಜ್ಜೀ, ಇದೇ ಆ ಪೇಜು."

ಆಗ ಹಿಂದಿನಿಂದ ಯಾರೋ ಕೂಗಿದರು. "ಒನ್ಸ್ ಮೋರ್!"

ಶಾಮಿಯಾನವೆಲ್ಲ ಕೂಗಿತು. ಇನ್ನೇನು ಮಾಡುವುದು? ದೊರೆ ಎದ್ದ, ಕತ್ತಿ ಎತ್ತಲು ನಂದೀಶನೇ ಕೈ ಕೊಟ್ಟ, ಮತ್ತೆ ನೆಲಕ್ಕಿಟ್ಟರು, ಮತ್ತೆ ಸುಮ್ಮನೆ ಕೂತ. ಅದೂ ಚೆನ್ನಾಗಿತ್ತು. ಮತ್ತೊಮ್ಮೆ ಕೇಳಿದರು. ಮೂರನೆಯ ಸಲ ಅವನು ಸುಮ್ಮನಿರುವುದರ ನಡುವೆ ಒಂದು ಸಲ ಮೀಸೆ ತಿರುವಿದ. ನಾಲ್ಕನೆಯ ಸಲಕ್ಕೆ ತೊಡೆ ತಟ್ಟಿದ. ಪರದೆ ಎಳೆಸಿದವಳು ಕಮಲಮ್ಮ.

ಸಾಹೇಬರನ್ನು ಎರಡು ಮಾತಾಡಲು ಕರೆದರು. ಆ ಪುಸ್ತಕ ತಾವು ಓದಿಲ್ಲ, ಸೀರಿಯಲ್ಲೂ ನೋಡಿಲ್ಲ, ಪುರುಸೊತ್ತೇ ಇಲ್ಲ ಎಂದರಂತೆ. ಗದೆ ಬಹಳ ಇಷ್ಟವಾಯಿತು ಎಂದು ಅದನ್ನು ಹೆಗಲಿಗಿಟ್ಟುಕೊಂಡು ಫೋಟೋ ತೆಗೆಸಿಕೊಂಡರು.

ಮನೆಗೆ ಬಂದ ಮೇಲೆ ಕಮಲಮ್ಮ ಗಂಡನಿಗೆ ಬಿಸಿನೀರು ಕೊಟ್ಟು, ಅವನ ತಲೆಯಿಂದ ತನ್ನ ಸವರ ಬಿಚ್ಚಿಕೊಂಡಳು. ಸ್ಫೂರ್ತಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು, ಥೇಟ್ ಅವಳ ತಾತನ ಹಾಗೆ.

"ಬುಕ್ಕಲ್ಲಿ ಒಂದೇ ಪೇಜು ಖಾಲಿ ಇರೋದು ತಾತಾ. ನೀನು ನಾಲ್ಕು ಮಾಡ್ದೆ."

ಶ್ಯಾಮಣ್ಣ ಬಿಸಿನೀರು ಗುಟುಕರಿಸಿ, ಇದ್ದ ಸಣ್ಣ ದನಿಯಲ್ಲೇ ಹೇಳಿದ:

"ಅವ್ರಿಗೆ ಯಾರೂ ಒನ್ಸ್ ಮೋರ್ ಅಂದಿರ್ಲಿಲ್ಲ ಕಣಮ್ಮ."