ಮುಂದೆ ಹೋಗಿ ಬರುವವಳು

ನಮ್ಮಕ್ಕ ಕೂತಿರುವ ಫೋಟೊ ಒಂದೂ ಇಲ್ಲ. ಮದುವೆಯ ಫೋಟೊದಲ್ಲೂ ಭಾವ ನೆಟ್ಟಗೆ ಕುರ್ಚಿಯಲ್ಲಿದ್ದಾರೆ, ಪಕ್ಕದ ಕುರ್ಚಿಯಿಂದ ಏನೋ ಒಂದು ಮಸುಕಾಗಿ ಏಳುತ್ತಿದೆ. ಅದೇ ನಮ್ಮಕ್ಕ. "ಅಂಡು ಸುಟ್ಟ ಬೆಕ್ಕು" ಎಂದು ಅಮ್ಮ ಸಾಯುವವರೆಗೂ ಬೈದಳು, ಇವಳು ಬೈಗುಳ ಕೇಳಲೂ ನಿಲ್ಲಲಿಲ್ಲ.

ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಅಕ್ಕ ಲೈನ್ ಸೂಪರ್‌ವೈಸರ್. ನಡೆಯುವುದೇ ಅವಳ ಕೆಲಸ. ಕಾಲರ್ ಹೊಲಿಯುವವರ ಕೈ ಖಾಲಿಯಾಗುವ ಮೊದಲೇ ಮುಂದೆ ಹೋಗಿ ತೋಳು ಹೊಲಿಯುವವರ ಮೇಜು ನೋಡಬೇಕು, ತಿರುಗಿ ಬಂದು ಹಿಂದಿನವರನ್ನು ಚುರುಕು ಮಾಡಬೇಕು. ಇರಬೇಕಾದ ಮೇಜಿನಲ್ಲಿ ಒಂದು ಅಂಗಿ ಕಾಣದಿದ್ದರೆ ಅವಳು ಹಿಂದಿನ ಮೇಜುಗಳಲ್ಲೇ ಹುಡುಕುತ್ತಾಳೆ. ಹೊಲಿಗೆ ಕೆಟ್ಟ ಅಂಗಿ ಬಿಚ್ಚಿ ಹೊಲಿಯಲು ಹಿಂದಕ್ಕೆ ಹೋಗುತ್ತದೆಯೇ ಹೊರತು ಮುಂದಕ್ಕೆ ಹೋಗುವುದಿಲ್ಲ.

ಭಾವ ಗಡಿಯಾರ ರಿಪೇರಿಯವರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತರೆ ಅಂಗಡಿ ಮುಚ್ಚುವ ಹೊತ್ತಿಗೇ ಏಳುವುದು. ಇಂಥವನಿಗೆ ಇಂಥವಳನ್ನು ಗಂಟು ಹಾಕಿದ ದೇವರಿಗೆ ತಮಾಷೆ ಬುದ್ಧಿ ಇರಬೇಕು. ಕಳೆದ ವರ್ಷ ಅವರ ಕೈ ನಡುಗಲು ಶುರುವಾಯಿತು. ಆಮೇಲೆ ಹೆಜ್ಜೆ ಸಣ್ಣದಾಯಿತು. ಇದು ನರದ ಕಾಯಿಲೆ, ಔಷಧಿಯಿಂದ ನಿಧಾನವಾಗುತ್ತದೆ, ನಿಲ್ಲುವುದಿಲ್ಲ ಎಂದರು ಡಾಕ್ಟರು. ಭಾವ ಅಂಗಡಿಯ ಬಾಗಿಲು ಹಾಕಿ ಮನೆಗೆ ಬಂದು ಒಂದೇ ಮಾತು ಹೇಳಿದರು: "ಕಾಲು ನಡೆಯೋವಾಗ್ಲೇ ಒಂದ್ಸಲ ದೊಡ್ಡ ಬೆಟ್ಟದಲ್ಲಿ ನಡೀಬೇಕು. ಇವಳ ಜೊತೆ."

ಹಾಗೆ ಹೊರಟಿತು ನಮ್ಮ ವಿದೇಶ ಪ್ರವಾಸ: ಅಕ್ಕ, ಭಾವ, ಅವರ ಮಗಳು, ಮತ್ತೆ ಚೀಲ ಕಾಯಲು ನಾನು. ಬೆಟ್ಟದ ಬುಡದಲ್ಲಿ ಟಿಕೆಟ್ ತೆಗೆದುಕೊಂಡು ನಾನು ಬೂಟಿನ ಲೇಸು ಕಟ್ಟುವಷ್ಟರಲ್ಲಿ ಅಕ್ಕ ಮೊದಲ ತಿರುವು ನೋಡಿಕೊಂಡು ಬಂದಿದ್ದಳು.

"ಮುಂದೆ ಕಲ್ಲಿದೆ ರೀ, ಎಡಕ್ಕೆ ಬನ್ನಿ."

ಹೋದಳು. ಮತ್ತೆ ಬಂದಳು. "ಅಲ್ಲಿ ಕೆಸರಿದೆ, ಜಾರುತ್ತೆ."

"ನಿಧಾನವೇ ಪ್ರಧಾನ ಕಣೆ," ಎಂದರು ಭಾವ.

"ನಿಧಾನಕ್ಕೆ ಯಾರ್ರೀ ಸಂಬಳ ಕೊಡ್ತಾರೆ?"

ಈ ಲೆಕ್ಕದಲ್ಲಿ ಅವಳು ಬೆಟ್ಟವನ್ನು ಎರಡೆರಡು ಸಲ ಹತ್ತುತ್ತಿದ್ದಳು. ಮೊದಮೊದಲು ನಗು ಬಂತು, ಆಮೇಲೆ ಮೈ ಉರಿಯಿತು. ಇಷ್ಟು ದೂರ ಬಂದದ್ದು ಇವಳ ಬೆನ್ನು ನೋಡಲಿಕ್ಕೆಯೇ? ತಿರುಗಿ ಬಂದಾಗಲೆಲ್ಲ ಅವಳು ಭಾವನ ಟೋಪಿ ನೋಡುತ್ತಿದ್ದಳು, ನೀರಿನ ಬಾಟಲಿ ನೋಡುತ್ತಿದ್ದಳು, ನನ್ನ ಹೆಗಲ ಚೀಲ ಸರಿಪಡಿಸುತ್ತಿದ್ದಳು. ಭಾವನ ಕಾಲಿನ ಕಡೆ ಮಾತ್ರ ಅವಳ ಕಣ್ಣು ಇಳಿಯುತ್ತಿರಲಿಲ್ಲ.

ದೊಡ್ಡ ಬಂಡೆಯೊಂದರ ಕೆಳಗೆ ಮರದ ಬೆಂಚು ಸಿಕ್ಕಿತು. ದಾರಿ ಅಲ್ಲಿಂದ ಕಡಿದಾಗಿ ಮೇಲೇರುತ್ತಿತ್ತು. "ಇಲ್ಲೇ ಕೂತಿರಿ, ಮುಂದೆ ಹೇಗಿದೆ ನೋಡ್ಕೊಂಡು ಬರ್ತೀನಿ," ಎಂದವಳೇ ಅಕ್ಕ ಮಾಯ. ಭಾವ ಕೂತರು. ಆಸ್ಪತ್ರೆಯಿರಲಿ, ರೈಲು ನಿಲ್ದಾಣವಿರಲಿ, ಅಕ್ಕ ಕೂರಿಸಿದಲ್ಲಿಂದ ಭಾವ ಅಲುಗಿದವರಲ್ಲ. ಆದರೆ ಅವತ್ತು ಸ್ವಲ್ಪ ಹೊತ್ತಿಗೇ ಬೆಂಚಿನ ಕೈ ಹಿಡಿದು ಎದ್ದುಬಿಟ್ಟರು.

"ನಡೀರಿ, ಹೋಗೋಣ."

"ಭಾವ, ಅಕ್ಕ ಬೈತಾಳೆ."

"ಬೈಲಿ. ಇಷ್ಟು ವರ್ಷ ಕೂತಿದ್ದೆ. ಇನ್ಮುಂದೆ ಹೇಗೂ ಕೂರೋದೇ ಇದೆ."

ಮಗಳು ಹೋಟೆಲಿನವರು ಕೊಟ್ಟ ನಕ್ಷೆ ಬಿಡಿಸಿದಳು. ಬಂಡೆಯ ಕೆಳಗಿಂದ ಇನ್ನೊಂದು ದಾರಿ ಏರಿಲ್ಲದೆ ಸುತ್ತಿಕೊಂಡು ಹೋಗಿ ಮೇಲಿನ ದಾರಿಯನ್ನೇ ಸೇರುತ್ತಿತ್ತು, ಅಲ್ಲಿಂದ ನಾವು ನೋಡಲು ಹೊರಟಿದ್ದ ಕೆರೆ ಹತ್ತಿರ. "ಸೇರೋ ಕಡೆ ಅಮ್ಮ ಎದುರಿಗೇ ಸಿಗ್ತಾಳೆ," ಎಂದಳು. ನಮಗೂ ಸರಿಯೆನಿಸಿತು. ಮುಂದೆ ಅವಸರಪಡಿಸುವವರು ಇಲ್ಲದ ಮೇಲೆ ಭಾವನ ಕಾಲು ಒಂದು ಹದಕ್ಕೆ ಬಂತು. ನಡುನಡುವೆ ಪಾದ ನೆಲಕ್ಕೆ ಅಂಟಿಕೊಂಡಂತೆ ನಿಂತುಬಿಡುತ್ತಿತ್ತು. ಮಗಳು "ಒಂದು, ಎರಡು" ಎಂದರೆ ಮತ್ತೆ ಏಳುತ್ತಿತ್ತು.

ಕೆರೆ ಬಂತು, ಅಕ್ಕ ಬರಲಿಲ್ಲ. ಭಾವ ನೀರನ್ನು ಒಂದು ಗಳಿಗೆ ನೋಡಿದರು, ಆಮೇಲೆ ದಾರಿಯನ್ನೇ ನೋಡುತ್ತ ನಿಂತರು. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ತಿರುವಿನಲ್ಲಿ ಯಾರ ತಲೆ ಕಂಡರೂ ನಾವು ಮೂವರೂ ಕತ್ತು ಉದ್ದ ಮಾಡುತ್ತಿದ್ದೆವು. ಬೆಂಚಿನಿಂದ ಎದ್ದದ್ದೇ ತಪ್ಪಾಯಿತೇನೋ ಎಂದು ನಾನು ಮತ್ತೆ ಮತ್ತೆ ನಕ್ಷೆ ಬಿಡಿಸಿ ನೋಡುತ್ತಿದ್ದೆ.

ಅತ್ತ ಆದದ್ದನ್ನು ಅಕ್ಕನೇ ಆಮೇಲೆ ಹೇಳಿದಳು. ನಾವು ಕೆಳದಾರಿಯಲ್ಲಿದ್ದಾಗ ಅವಳು ಮೇಲಿನ ದಾರಿಯಿಂದ ಇಳಿದು ಬಂದಳಂತೆ. ಬೆಂಚು ಖಾಲಿ. ಜೀವ ಬಾಯಿಗೆ ಬಂದು, ಒಂದು ಕ್ಷಣವೂ ಯೋಚಿಸದೆ ಓಡಿದ್ದು ಹಿಂದಕ್ಕೆ, ಬೆಟ್ಟದ ಬುಡದವರೆಗೂ. ಟಿಕೆಟ್ ಕೊಡುವವನಿಗೆ ಇವಳ ಭಾಷೆ ಬಾರದು, ಇವಳಿಗೆ ಅವನದು. ಹಾಗಾಗಿ ಅವನ ಕಿಟಕಿಯೆದುರು ಗಂಡನಂತೆ ನಡೆದು ತೋರಿಸಿದಳಂತೆ: ಮುಂದಕ್ಕೆ ಬಾಗಿದ ಬೆನ್ನು, ಬೀಸದ ಬಲಗೈ, ನೆಲ ಉಜ್ಜುವ ಪುಟ್ಟ ಪುಟ್ಟ ಹೆಜ್ಜೆ. ಒಂದಿಷ್ಟೂ ತಪ್ಪಿಲ್ಲದೆ. ಅಂಥವರು ಯಾರೂ ಕೆಳಗೆ ಬಂದಿಲ್ಲವೆಂದು ಅವನು ತಲೆಯಾಡಿಸಿ, ಬೆಟ್ಟದ ಮೇಲಕ್ಕೆ ಬೆರಳು ತೋರಿಸಿದನಂತೆ.

ಕೆರೆಗೆ ಬಂದಾಗ ಅವಳ ಕೂದಲು ಬಿಚ್ಚಿಹೋಗಿತ್ತು, ಮುಖ ಕೆಂಡವಾಗಿತ್ತು.

"ಕೂತಿರಿ ಅಂದಿದ್ನಲ್ರೀ. ಕೆಳಗಡೆವರೆಗೂ ಹೋಗಿ ಬಂದೆ."

"ಕೆಳಗಡೆ ಯಾಕೆ ಹೋದೆ?" ಭಾವನ ದನಿ ಸಣ್ಣದಾಗಿತ್ತು. "ನಾನು ಮುಂದೆ ಹೋಗಿರ್ತೀನಿ ಅಂತ ಅನ್ನಿಸಲೇ ಇಲ್ವಾ ನಿಂಗೆ?"

ಒಂದು ಮಾತಿಗೆ ಹತ್ತು ಮಾತು ಆಡುವ ಅಕ್ಕ ಕೆರೆಯ ಕಡೆ ತಿರುಗಿಕೊಂಡು ಹೇಳಿದಳು: "ನೀವು ನಡೆಯೋದನ್ನ ನನ್ ಕೈಲಿ ನೋಡಕ್ಕಾಗಲ್ಲ. ಅದಕ್ಕೇ ಓಡ್ತೀನಿ."

ಭಾವ ಅವಳತ್ತ ಬಂದರು. ನಾಲ್ಕು ಮಾರು ದೂರ, ಅದಕ್ಕೇ ಎಷ್ಟೋ ಹೊತ್ತು ಹಿಡಿಯಿತು.

"ಮುಂದೆ ಹೋಗಿ ತಿರುಗಿ ನೋಡಿದ್ರೆ ಕಾಣ್ಸುತ್ತೆ," ಎಂದರು. "ಪಕ್ಕದಲ್ಲಿ ನಡಿ. ಕಾಣ್ಸಲ್ಲ."

ಇಳಿಯುವಾಗ ಅಕ್ಕ ಅವರ ತೋಳು ಹಿಡಿದಿದ್ದಳು, ಪಾದ ಅಂಟಿದಾಗಲೆಲ್ಲ ಹಿಂದಿನಿಂದ ಮಗಳು ಎಣಿಸುತ್ತಿದ್ದಳು. ಅಷ್ಟು ನಿಧಾನ ನಡೆಯಲು ಅವಳಿಗೆ ಬರುವುದೇ ಇಲ್ಲ, ಅಲ್ಲಲ್ಲಿ ಎಡವಿದಳು, ಎರಡು ಸಲ ಭಾವನೇ ಹಿಡಿದು ನಿಲ್ಲಿಸಿದರು. ಕೆಳಗೆ ರಸ್ತೆ ಕಾಣುವ ಹೊತ್ತಿಗೆ ನಮ್ಮ ಬಸ್ಸು ನಿಲ್ದಾಣಕ್ಕೆ ಬಂದು ನಿಂತಿತ್ತು.

"ಅಮ್ಮ, ನೀನು ಓಡು, ನಿಲ್ಸು," ಎಂದಳು ಮಗಳು.

ಅಕ್ಕನ ಹಿಮ್ಮಡಿ ಎದ್ದಿತು. ತೋಳಿನ ಮೇಲಿದ್ದ ಕೈ ಸಡಿಲವಾಯಿತು. ಭಾವ ಕಾಲ ಕೆಳಗಿನ ಕಲ್ಲನ್ನೇ ನೋಡುತ್ತಿದ್ದರು.

ಬಸ್ಸು ಹೊರಟಿತು. ಅಕ್ಕನ ಮೈಯೆಲ್ಲ ಅದರ ಹಿಂದೆ ಎಳೆಯುತ್ತಿದ್ದದ್ದು ನನಗೆ ಕಾಣುತ್ತಿತ್ತು.

"ಹೋದ್ರೆ ಹೋಗ್ಲಿ," ಎಂದಳು, ಕೈ ಮತ್ತೆ ಬಿಗಿ ಮಾಡುತ್ತ. "ನಡೀರಿ. ಒಂದು, ಎರಡು."