ಓಗೊಡುವ ಬಟನ್

ಹೋದ ಮಂಗಳವಾರ ಬೆಳಿಗ್ಗೆ ಕೆರೆಕಟ್ಟೆಯ ಸೀತಕ್ಕನ ಅಂಗಳಕ್ಕೆ ನಾಲ್ಕು ಜೀಪುಗಳು ಬಂದು ನಿಂತವು. ಮನೆಯಲ್ಲಿ ಮದುವೆಯೇನೂ ಇರಲಿಲ್ಲ. ಬಿಪಿ ತೋರಿಸಲು ಶೃಂಗೇರಿಗೆ ಹೊರಟಿದ್ದವರು ಸೀತಕ್ಕ ಒಬ್ಬರೇ!

ತಪ್ಪು ಯಾರದ್ದು? ನನ್ನದೇ. (ಒಪ್ಪಿಕೊಳ್ಳಲು ಎರಡು ದಿನ ಬೇಕಾಯಿತು.)

ಬಸ್ಸು ಕಡಿಮೆ ಇರುವ ಆ ಕಡೆಯವರಿಗಾಗಿ ಫೋನಿನಲ್ಲೇ ಜೀಪು ಕರೆಯುವ ವೆಬ್ ಪೇಜ್ ಮಾಡಿಕೊಟ್ಟವಳು ನಾನು. ಅದರಲ್ಲಿ ನನಗೆ ಎಲ್ಲಕ್ಕಿಂತ ಹೆಮ್ಮೆ ಇದ್ದದ್ದು ಬಟನ್ ಬಗ್ಗೆ. ಒಂದು ಬಟನ್ ಕಾಂಪೊನೆಂಟ್ ಬರೆದಿಟ್ಟುಕೊಂಡರೆ ಆಯಿತು. ಬೇಕಾದಲ್ಲೆಲ್ಲ ಅದನ್ನೇ ಬಳಸಿ ಬಣ್ಣ, ಅಳತೆ, ಅಕ್ಷರ ಬದಲಿಸಿಕೊಳ್ಳಬಹುದು. ಒಂದೇ ಹಿಟ್ಟಿನಲ್ಲಿ ದೋಸೆ, ಪಡ್ಡು ಎರಡೂ ಮಾಡಿದ ಹಾಗೆ. 'ಜೀಪು ಬೇಕು' ಹಸಿರು, 'ಬೇಡ' ಕೆಂಪು, ಡ್ರೈವರುಗಳ 'ಬರ್ತೇನೆ' ನೀಲಿ. ಮೂಲೆ ಎಷ್ಟು ದುಂಡಗಿರಬೇಕೆಂದು ಒಂದು ಇಡೀ ಮಧ್ಯಾಹ್ನ ತಲೆ ಕೆಡಿಸಿಕೊಂಡಿದ್ದೆ.

ಜೀಪಿನವರ ಪರವಾಗಿ ಸುಧಾಕರಣ್ಣ ಫೋನ್ ಮಾಡಿದರು. "ಇನ್ನೊಂದ್ ಸಲ ಹಿಂಗಾದ್ರೆ ನಿಮ್ಮ ಪೇಜೂ ಬೇಡ, ಎಂತದೂ ಬೇಡ. ಆ ಕಡೆಗೆ ಹೋಗೂದೇ ಇಲ್ಲ ಅಂತಿದಾರೆ ನಮ್ಮವ್ರು."

ಪೇಜ್ ಹೋದರೆ ಹೋಗಲಿ, ಸೀತಕ್ಕ ಡಾಕ್ಟರ ಹತ್ತಿರ ಹೋಗುವುದು ಹೇಗೆ?

ಲ್ಯಾಪ್‌ಟಾಪ್ ಹಿಡಿದು ಕೊಪ್ಪದಿಂದ ಸೀದಾ ಅವರ ಮನೆಗೇ ಹೋದೆ. "ನಾಲ್ಕು ಸಲ ಯಾಕೆ ಒತ್ತಿದ್ರಿ ಸೀತಕ್ಕ?"

"ಮತ್ತೆಂತ ಮಾಡ್ಲಿ? ಒತ್ತಿದೆ, ಸುದ್ದಿಯೇ ಇಲ್ಲ. ಗುಡ್ಡದಾಚೆ ಇರೋರಿಗೆ ಕೂ ಹಾಕಿದ್ರೆ ಅವ್ರೂ ತಿರುಗಿ ಕೂ ಅನ್ಬೇಕಲ್ಲ ಮಾರಾಯ್ತಿ? ಅನ್ಲಿಲ್ಲ ಅಂದ್ರೆ ಕೇಳ್ಲಿಲ್ಲ ಅಂತ. ಇನ್ನೊಂದ್ ಸಲ ಕೂ ಹಾಕ್ದೆ ಬಿಡ್ತಾರಾ?"

ಹೌದಲ್ಲ! ಅಲ್ಲಿಯ ನೆಟ್‌ವರ್ಕ್ ಆಮೆಗಿಂತ ನಿಧಾನ. ಒತ್ತಿದ್ದು ಹೋಗಿ ಮುಟ್ಟುವವರೆಗೆ ನನ್ನ ಚೆಂದದ ಬಟನ್ ತುಟಿಪಿಟಕ್ಕೆನ್ನದೆ ಕೂತಿರುತ್ತಿತ್ತು. ಸೀತಕ್ಕ ಒತ್ತಿದ ಒಂದೊಂದು ಸಲಕ್ಕೂ ಒಂದೊಂದು ಜೀಪಿಗೆ ಕರೆ ಹೋಗಿತ್ತು. ಬಣ್ಣ ಬಳಿದಿದ್ದೆ, ಮೂಲೆ ಉಜ್ಜಿದ್ದೆ, ಓಗೊಡುವುದನ್ನೇ ಕಲಿಸಿರಲಿಲ್ಲ.

ಅವರ ಜಗಲಿಯಲ್ಲೇ ಕೂತು ತಿದ್ದಿದೆ. ಒತ್ತಿದ ಕೂಡಲೇ ಬಟನ್ ಬಣ್ಣ ತಿಳಿಯಾಗಬೇಕು. 'ಓ, ಕೇಳ್ತು, ತಡೀರಿ' ಎನ್ನಬೇಕು. ಜೀಪಿನವರ ಉತ್ತರ ಬರುವವರೆಗೆ ಮತ್ತೆ ಒತ್ತಿದರೂ ಜಪ್ಪಯ್ಯ ಅನ್ನಬಾರದು. ಬದಲಿಸಿದ್ದು ಒಂದೇ ಕಡೆ, ಹಸಿರು, ಕೆಂಪು, ನೀಲಿ ಮೂರೂ ಒಟ್ಟಿಗೇ ಕಲಿತುಬಿಟ್ಟವು! ಜಗಲಿಯಲ್ಲಿ ಕುಣಿಯುವುದೊಂದು ಬಾಕಿ. (ಸೀತಕ್ಕ ನೋಡುತ್ತಿದ್ದರು, ಹಾಗಾಗಿ ಬಿಟ್ಟೆ.)

ಈ ಮಂಗಳವಾರ ನಾನೂ ಅಲ್ಲಿದ್ದೆ. ಸೀತಕ್ಕ ಒಂದೇ ಸಲ ಒತ್ತಿದರು. ಓದಿದರು. ಫೋನನ್ನು ಮಡಿಲಲ್ಲಿಟ್ಟುಕೊಂಡು ನಿಧಾನಕ್ಕೆ ಎಲೆಗೆ ಸುಣ್ಣ ಹಚ್ಚತೊಡಗಿದರು.

"ಜೀಪು ತಡ ಆದ್ರೂ ಅಡ್ಡಿಲ್ಲ. ಕೇಳ್ತು ಅಂತಲ್ಲ, ಸಾಕು."

ಸ್ವಲ್ಪ ಹೊತ್ತಿಗೆ ಜೀಪು ಬಂತು. ಒಂದೇ ಒಂದು! ಅದೂ ಸುಧಾಕರಣ್ಣನದೇ.

ಆ ಖುಷಿಯಲ್ಲಿ ಇದನ್ನು ಟೈಪ್ ಮಾಡುತ್ತಾ ಕೂತಿದ್ದೇನೆ. ಅಡುಗೆಮನೆಯಿಂದ ಯಜಮಾನರ ದನಿ: "ಊಟಕ್ಕೆ ಕರೀತಿರೋದು ಇದು ನಾಲ್ಕನೇ ಸಲ!"

ಬಟನ್ನಿಗೇನೋ ನಾನು ಕಲಿಸಿದೆ, ನನಗೆ ಕಲಿಸುವವರು ಯಾರು?